ಹೊಸ ಸ್ಟ್ರೀಮಿಂಗ್ ಸೇವೆಯ ಮೊದಲ ದಿನಗಳು: ಯಾವ ದೂರು ಬೇಗ ಬಗೆಹರಿಯುತ್ತದೆ, ಯಾವುದು ಉಳಿದುಕೊಳ್ಳುತ್ತದೆ

2019ರ ನವೆಂಬರ್ 12ರಂದು ಅಮೆರಿಕ, ಕೆನಡಾ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳಲ್ಲಿ ಡಿಸ್ನಿ ಪ್ಲಸ್ ಸೇವೆ ಆರಂಭವಾಯಿತು. ನೋಂದಣಿಗಳ ಸಂಖ್ಯೆ ಒಂದು ಕೋಟಿ ದಾಟಿದೆಯೆಂದು ಕಂಪನಿ ಮರುದಿನವೇ ಪ್ರಕಟಿಸಿತು. ಆದರೆ ಆ ಮೊದಲ ದಿನ ಹಣ ಕಟ್ಟಿ ಕಾದು ಕುಳಿತಿದ್ದ ಅನೇಕರಿಗೆ ಲಾಗಿನ್ ಆಗುವುದೇ ಸಾಧ್ಯವಾಗಲಿಲ್ಲ. ಲಾಗಿನ್ ಆದವರಲ್ಲಿ ಕೆಲವರಿಗೆ ಹುಡುಕಾಟ ನಡೆಯಲಿಲ್ಲ. ಹುಡುಕಿ ತೆಗೆದವರಲ್ಲಿ ಕೆಲವರಿಗೆ ಚಿತ್ರ ತೆರೆದುಕೊಳ್ಳಲಿಲ್ಲ. ಹಲವರ ಪರದೆಯ ಮೇಲೆ 83 ಎಂಬ ದೋಷಸಂಖ್ಯೆ ಬಂದು ನಿಂತಿತು. ಕೆಲವೇ ದಿನಗಳಲ್ಲಿ ಬೇರೆ ಬಗೆಯ ದೂರುಗಳೂ ಸೇರಿಕೊಂಡವು: ಹಳೆಯ ಸರಣಿಯ ಚಿತ್ರದ ಅಂಚು ಕತ್ತರಿಸಿಹೋಗಿದೆ, ಅರ್ಧಕ್ಕೆ ಬಿಟ್ಟ ಕಂತು ಎಲ್ಲಿತ್ತೆಂದು ಆ್ಯಪ್ ತೋರಿಸುವುದಿಲ್ಲ, ಖಾತೆಯೊಳಗೆ ಬೇರೆ ಯಾರೋ ಸೇರಿಕೊಂಡಿದ್ದಾರೆ, ಇದ್ದೇ ಇರುತ್ತದೆ ಎಂದುಕೊಂಡಿದ್ದ ಸಿನಿಮಾ ಪಟ್ಟಿಯಲ್ಲೇ ಇಲ್ಲ.

ಇವೆಲ್ಲವನ್ನೂ ನಾವು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ಹೊಸ ಆ್ಯಪ್ ಸರಿಯಿಲ್ಲ. ದುಡ್ಡು ಕೊಟ್ಟವರು ಹಾಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ದೂರುಗಳು ಹುಟ್ಟುವ ಜಾಗಗಳು ಬೇರೆ ಬೇರೆ, ಅವು ಸರಿಹೋಗಲು ಹಿಡಿಯುವ ಕಾಲವೂ ಬೇರೆ ಬೇರೆ. ಕೆಲವು ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತವೆ, ಕೆಲವಕ್ಕೆ ತಿಂಗಳುಗಳು ಬೇಕು, ಇನ್ನು ಕೆಲವು ಕಂಪನಿ ತನ್ನ ತೀರ್ಮಾನವನ್ನೇ ಬದಲಿಸುವವರೆಗೆ ಹಾಗೆಯೇ ಇರುತ್ತವೆ. ಹೊಸ ಸೇವೆಯೊಂದನ್ನು ಇಟ್ಟುಕೊಳ್ಳಬೇಕೆ, ಕಾಯಬೇಕೆ, ಬಿಡಬೇಕೆ ಎಂದು ನಿರ್ಧರಿಸುವವರಿಗೆ ನಿಜವಾಗಿ ಬೇಕಾಗಿರುವುದು ಈ ವ್ಯತ್ಯಾಸದ ತಿಳಿವಳಿಕೆ.

ಪ್ಲೇ ಗುಂಡಿಯನ್ನು ಒತ್ತಿದಾಗ ಏನೇನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ನೀವು ಯಾರು ಎಂಬುದನ್ನು ಒಂದು ಸರ್ವರ್ ಖಚಿತಪಡಿಸಿಕೊಳ್ಳುತ್ತದೆ. ನಿಮ್ಮ ಚಂದಾ ಚಾಲ್ತಿಯಲ್ಲಿದೆಯೇ, ಈ ದೇಶದಲ್ಲಿ ಈ ಚಿತ್ರವನ್ನು ತೋರಿಸುವ ಹಕ್ಕು ಇದೆಯೇ, ಒಂದೇ ಖಾತೆಯಿಂದ ಒಟ್ಟಿಗೆ ಎಷ್ಟು ಪರದೆಗಳಲ್ಲಿ ನೋಡಲಾಗುತ್ತಿದೆ ಎಂಬುದನ್ನು ಇನ್ನೊಂದು ಪರಿಶೀಲಿಸುತ್ತದೆ. ಮುಖಪುಟದಲ್ಲಿ ಏನನ್ನು ತೋರಿಸಬೇಕೆಂದು ಮತ್ತೊಂದು ಲೆಕ್ಕ ಹಾಕುತ್ತದೆ. ನಿಮ್ಮ ಸಾಧನವು ನಕಲಿಗೆ ಅವಕಾಶ ಕೊಡದಂಥದ್ದೇ ಎಂದು ನೋಡಿ, ಗೂಢಲಿಪಿಯಲ್ಲಿರುವ ವಿಡಿಯೊವನ್ನು ಬಿಡಿಸುವ ಕೀಲಿಯನ್ನು ಇನ್ನೊಂದು ಕೊಡುತ್ತದೆ. ಇಷ್ಟೆಲ್ಲ ಆದ ಮೇಲೆ ವಿಡಿಯೊ ಹರಿದು ಬರತೊಡಗುತ್ತದೆ. ನೋಡುಗರಿಗೆ ಕಾಣುವುದು ಎರಡು ಮೂರು ಸೆಕೆಂಡುಗಳ ಕಾಯುವಿಕೆ ಮಾತ್ರ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಪರದೆಯ ಮೇಲೆ ಬರುವುದು ಬಹುತೇಕ ಒಂದೇ ಬಗೆಯ ಸಂದೇಶ.

ಮೊದಲ ದಿನ ಹೆಚ್ಚಾಗಿ ಕಳಚಿಕೊಳ್ಳುವುದು ಆರಂಭದ ಕೊಂಡಿಗಳು. ಇದು ಅನೇಕರಿಗೆ ಆಶ್ಚರ್ಯವೆನಿಸಬಹುದು, ಏಕೆಂದರೆ ವಿಡಿಯೊ ಎಂಬುದು ದೊಡ್ಡ ದತ್ತಾಂಶ, ಲಾಗಿನ್ ಎಂಬುದು ನಾಲ್ಕು ಅಕ್ಷರಗಳ ವ್ಯವಹಾರ. ಆದರೆ ವಿಡಿಯೊವನ್ನು ಸಾವಿರಾರು ಕಡೆ ನಕಲು ಮಾಡಿ ಇಡಬಹುದು; ಒಬ್ಬೊಬ್ಬರ ಗುರುತನ್ನು ಒಂದೊಂದಾಗಿಯೇ ಪರಿಶೀಲಿಸಬೇಕು, ಅದಕ್ಕೆ ಕೇಂದ್ರದಲ್ಲಿರುವ ಖಾತೆಗಳ ದತ್ತಾಂಶವನ್ನು ಕೇಳಲೇಬೇಕು. ಜೊತೆಗೆ, ಕಳ್ಳರು ಊಹಿಸಿ ತೆಗೆಯಲು ಸುಲಭವಾಗಬಾರದೆಂದು ಪಾಸ್‌ವರ್ಡ್ ಪರಿಶೀಲನೆಯ ಗಣಿತವನ್ನು ಬೇಕೆಂದೇ ನಿಧಾನವಾಗಿ ನಡೆಯುವಂತೆ ರೂಪಿಸಿರುತ್ತಾರೆ. ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಒಮ್ಮೆ ಲಾಗಿನ್ ಆದವರು ತಿಂಗಳುಗಟ್ಟಲೆ ಮತ್ತೆ ಪಾಸ್‌ವರ್ಡ್ ಕೊಡುವುದಿಲ್ಲ. ಆರಂಭದ ದಿನ ಮಾತ್ರ ಎಲ್ಲರೂ ಹೊಸಬರು: ಎಲ್ಲರೂ ಖಾತೆ ತೆರೆಯಬೇಕು, ಎಲ್ಲರೂ ಹಣ ಪಾವತಿಸಬೇಕು, ಎಲ್ಲರೂ ಫೋನಿನಲ್ಲಿ ಒಮ್ಮೆ, ಟಿವಿಯಲ್ಲಿ ಒಮ್ಮೆ ಲಾಗಿನ್ ಆಗಬೇಕು. ಸೇವೆಯ ಬದುಕಿನಲ್ಲಿ ಅಂಥ ಇನ್ನೊಂದು ದಿನ ಬರುವುದೇ ಅಪರೂಪ.

ಇದರ ಮೇಲೆ ಬಳಕೆದಾರರ ಸಹಜ ವರ್ತನೆಯೊಂದು ಸೇರಿಕೊಳ್ಳುತ್ತದೆ. ಒಮ್ಮೆ ಆಗದಿದ್ದರೆ ನಾವು ಮತ್ತೆ ಒತ್ತುತ್ತೇವೆ, ಆ್ಯಪ್ ಮುಚ್ಚಿ ತೆರೆಯುತ್ತೇವೆ, ಇನ್ನೊಂದು ಸಾಧನದಲ್ಲಿ ಪ್ರಯತ್ನಿಸುತ್ತೇವೆ. ನಾವು ಸುಮ್ಮನಿದ್ದರೂ ಆ್ಯಪ್ ತಾನಾಗಿಯೇ ಮರುಪ್ರಯತ್ನ ಮಾಡುತ್ತಿರುತ್ತದೆ. ಹೀಗೆ ಹತ್ತು ಲಕ್ಷ ಜನರ ವಿಫಲ ಕೋರಿಕೆಗಳು ನೋಡನೋಡುತ್ತಿದ್ದಂತೆ ಹಲವು ಪಟ್ಟು ಹೆಚ್ಚುತ್ತವೆ, ಚೇತರಿಸಿಕೊಳ್ಳುತ್ತಿರುವ ಸರ್ವರ್ ಮತ್ತೆ ಕುಸಿಯುತ್ತದೆ. ಇದಕ್ಕೆ ಪರಿಹಾರ ಬಹಳ ಹಿಂದಿನಿಂದಲೂ ಗೊತ್ತಿರುವಂಥದ್ದು: ಪ್ರತಿ ವೈಫಲ್ಯದ ನಂತರ ಆ್ಯಪ್ ಮೊದಲಿಗಿಂತ ಹೆಚ್ಚು ಹೊತ್ತು ಕಾಯಬೇಕು, ಆ ಕಾಯುವ ಅವಧಿ ಎಲ್ಲ ಸಾಧನಗಳಲ್ಲೂ ಒಂದೇ ಆಗಿರದಂತೆ ಅಷ್ಟಿಷ್ಟು ಹೆಚ್ಚುಕಡಿಮೆ ಇರಬೇಕು. ಇದನ್ನು ಆ್ಯಪ್‌ನಲ್ಲಿ ಮೊದಲೇ ಬರೆದಿಡದಿದ್ದರೆ ಆರಂಭದ ದಿನ ಸರ್ವರ್‌ಗಳನ್ನು ಎಷ್ಟು ಹೆಚ್ಚಿಸಿದರೂ ಸಾಲುವುದಿಲ್ಲ. ಡಿಸ್ನಿಯಲ್ಲಿ ಆಗ ಸ್ಟ್ರೀಮಿಂಗ್ ವಿಭಾಗದ ಮುಖ್ಯಸ್ಥರಾಗಿದ್ದ ಕೆವಿನ್ ಮೇಯರ್ ಕೆಲವು ದಿನಗಳ ನಂತರ ನೀಡಿದ ವಿವರಣೆಯೂ ಇದೇ ದಿಕ್ಕಿನಲ್ಲಿತ್ತು: ಕೊರತೆಯಾದದ್ದು ಬಾಡಿಗೆಗೆ ಪಡೆದ ಕ್ಲೌಡ್‌ನ, ಅಂದರೆ ಬೇರೆಯವರ ಸರ್ವರ್‌ಗಳ, ಸಾಮರ್ಥ್ಯವಲ್ಲ, ತಮ್ಮ ಆ್ಯಪ್‌ನ ಒಂದು ಭಾಗವನ್ನು ಕಟ್ಟಿದ ರೀತಿಯೇ ಅಷ್ಟು ಬೇಡಿಕೆಯನ್ನು ತಾಳಿಕೊಳ್ಳಲಿಲ್ಲ ಎಂದು ಅವರು ಹೇಳಿದರು.

ಗಮನಿಸಬೇಕಾದ ಸಂಗತಿಯೆಂದರೆ, ಆ ಸೇವೆ ಪರೀಕ್ಷೆಯಿಲ್ಲದೆ ಬಂದದ್ದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಿಂದ ಸುಮಾರು ಎರಡು ತಿಂಗಳ ಕಾಲ ಉಚಿತ ಪ್ರಾಯೋಗಿಕ ಬಳಕೆ ನಡೆದಿತ್ತು. ಆದರೆ ಅಂಥ ಪ್ರಯೋಗದಲ್ಲಿ ಬಳಕೆದಾರರು ದಿನಗಳಲ್ಲಿ, ವಾರಗಳಲ್ಲಿ ಹಂಚಿಕೊಂಡು ಬರುತ್ತಾರೆ. ಯಾವ ಗುಂಡಿ ಎಲ್ಲಿರಬೇಕು, ಯಾವ ಟಿವಿಯಲ್ಲಿ ಧ್ವನಿ ಬರುತ್ತಿಲ್ಲ ಎಂಬಂಥ ದೋಷಗಳು ಅದರಲ್ಲಿ ಚೆನ್ನಾಗಿ ಹೊರಬರುತ್ತವೆ. ಒಂದೇ ಗಂಟೆಯಲ್ಲಿ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದಾಗ ಏನಾಗುತ್ತದೆ ಎಂಬುದು ಹೊರಬರುವುದಿಲ್ಲ. ಅದನ್ನು ಕೃತಕ ಹೊರೆಯಿಂದ ಅಳೆಯಬೇಕು, ಮತ್ತು ಆ ಕೃತಕ ಹೊರೆ ಜನರ ನಿಜವಾದ ವರ್ತನೆಯನ್ನು ಅನುಕರಿಸಬೇಕು.

ಜನರ ವರ್ತನೆ ಎಷ್ಟು ವಿಚಿತ್ರ ಒತ್ತಡ ತರಬಲ್ಲದು ಎಂಬುದಕ್ಕೆ ಅದೇ ವರ್ಷದ ಮತ್ತೊಂದು ಘಟನೆ ಉತ್ತಮ ನಿದರ್ಶನ. 2019ರ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್‌ನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ತಂಡಗಳು ಆಡುತ್ತಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡುತ್ತಿದ್ದರು. ಧೋನಿ ರನ್‌ಔಟ್ ಆದ ಕೂಡಲೇ ಬಹುಪಾಲು ಜನ ಪಂದ್ಯದಿಂದ ಹೊರಬಂದರು. ನೋಡುಗರು ಕಡಿಮೆಯಾದರೆ ಹೊರೆ ಇಳಿಯಬೇಕು ಎಂದು ಅನ್ನಿಸುತ್ತದೆ. ಆದರೆ ಫೋನಿನ ಬ್ಯಾಕ್ ಗುಂಡಿ ಒತ್ತಿದವರೆಲ್ಲರೂ ಆ್ಯಪ್‌ನ ಮುಖಪುಟಕ್ಕೆ ಬಂದು ಬೀಳುತ್ತಾರೆ. ಮುಖಪುಟವೋ ಒಬ್ಬೊಬ್ಬರಿಗೂ ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕಾದದ್ದು. ವಿಡಿಯೊದ ಹೊರೆ ಇಳಿಯುವ ಕ್ಷಣದಲ್ಲೇ ಮುಖಪುಟದ ಹೊರೆ ನೆಗೆಯುತ್ತದೆ. ಇಂಥ ಹೊತ್ತಿನಲ್ಲಿ ಶಿಫಾರಸುಗಳಂಥ ಅನಿವಾರ್ಯವಲ್ಲದ ಭಾಗಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಎಲ್ಲರಿಗೂ ಒಂದೇ ಸಿದ್ಧ ಪುಟವನ್ನು ತೋರಿಸುವ ವ್ಯವಸ್ಥೆಯನ್ನು ಅನುಭವಿ ತಂಡಗಳು ಮೊದಲೇ ಮಾಡಿಟ್ಟುಕೊಂಡಿರುತ್ತವೆ. ಹೊಸ ಸೇವೆಗಳಲ್ಲಿ ಸಾಮಾನ್ಯವಾಗಿ ಕೊರತೆಯಿರುವುದು ಈ ಬಗೆಯ ಅನುಭವದ್ದು.

ನೆಟ್‌ಫ್ಲಿಕ್ಸ್ 2007ರ ಜನವರಿಯಲ್ಲಿ ಆನ್‌ಲೈನ್ ವೀಕ್ಷಣೆಯನ್ನು ಆರಂಭಿಸಿದಾಗ ಇಂಥ ಗದ್ದಲ ಆಗದಿರಲು ಕಾರಣವಿತ್ತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ಆ ಕಂಪನಿ ತನ್ನ ಚಂದಾದಾರರಿಗೆ ಆರು ತಿಂಗಳ ಅವಧಿಯಲ್ಲಿ ಹಂತಹಂತವಾಗಿ ಈ ಸೌಲಭ್ಯವನ್ನು ತೆರೆಯಿತು. ಪಟ್ಟಿಯಲ್ಲಿ ಸುಮಾರು ಒಂದು ಸಾವಿರ ಶೀರ್ಷಿಕೆಗಳಿದ್ದವು, ವಿಂಡೋಸ್ ಕಂಪ್ಯೂಟರಿನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಅದು ನಡೆಯುತ್ತಿತ್ತು, ತಿಂಗಳಿಗೆ ಎಷ್ಟು ಗಂಟೆ ನೋಡಬಹುದು ಎಂಬುದಕ್ಕೂ ಚಂದಾದ ದರಕ್ಕೆ ತಕ್ಕ ಮಿತಿಯಿತ್ತು. ಈಗಿನವರಿಗೆ ಇದು ಜಿಪುಣತನವೆನಿಸಬಹುದು. ನನ್ನ ದೃಷ್ಟಿಯಲ್ಲಿ ಅದು ಬಳಕೆದಾರರ ಮೊದಲ ಅನುಭವವನ್ನು ಕಾಪಾಡಿದ ವಿವೇಕ. ಭಾರಿ ಜಾಹೀರಾತಿನೊಂದಿಗೆ ಒಂದೇ ದಿನ ಎಲ್ಲರಿಗೂ ತೆರೆಯುವ ಈಗಿನ ಪದ್ಧತಿಯಲ್ಲಿ ಆ ಅವಕಾಶ ಉಳಿದಿಲ್ಲ.

ಈ ಬಗೆಯ ನೂಕುನುಗ್ಗಲಿನ ದೋಷಗಳು ನೋಡುಗರನ್ನು ಎಷ್ಟೇ ರೇಗಿಸಿದರೂ, ಬೇಗ ವಾಸಿಯಾಗುವಂಥವು. ಜನರ ನುಗ್ಗುವಿಕೆ ತಗ್ಗುತ್ತದೆ, ತಂಡಗಳು ಹಗಲಿರುಳು ದುಡಿಯುತ್ತವೆ, ಒಂದೆರಡು ದಿನಗಳಲ್ಲಿ ಲಾಗಿನ್ ಸರಾಗವಾಗುತ್ತದೆ. ಆದ್ದರಿಂದ ಮೊದಲ ದಿನ ಬಾಗಿಲಲ್ಲೇ ನಿಂತವರು ಸೇವೆಯ ಗುಣಮಟ್ಟವನ್ನು ಅದರಿಂದಲೇ ಅಳೆಯಬಾರದು.

ಒಳಗೆ ಹೋದ ಮೇಲೆ ಕಾಣುವ ಬಫರಿಂಗ್ ಮತ್ತು ಮಸುಕು ಚಿತ್ರದ ಕಥೆ ಬೇರೆ. ಸ್ಟ್ರೀಮಿಂಗ್ ವಿಡಿಯೊ ಒಂದೇ ಕಡತವಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ನಿಮ್ಮ ಸಾಧನದಲ್ಲಿರುವ ಪ್ಲೇಯರ್ ಪ್ರತಿ ತುಣುಕಿಗೂ ಮುನ್ನ ಜಾಲದ ವೇಗವನ್ನು ಅಂದಾಜು ಮಾಡಿ, ಯಾವ ಗುಣಮಟ್ಟದ ತುಣುಕನ್ನು ಕೇಳಬೇಕೆಂದು ತೀರ್ಮಾನಿಸುತ್ತದೆ. ಆರಂಭದಲ್ಲಿ ಬೇಗ ಚಿತ್ರ ತೋರಿಸಲೆಂದು ಕಡಿಮೆ ಗುಣಮಟ್ಟದಿಂದ ಹೊರಟು ಮೇಲೇರುವುದು ವಾಡಿಕೆ. ಮೊದಲ ಕೆಲವು ಸೆಕೆಂಡುಗಳ ಮಸುಕಿಗೆ ಕಾರಣ ಇದೇ. ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಮತ್ತು ನಂತರ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಎಂಬ ವಿಧಾನಗಳೆರಡೂ ನಡೆಯುವುದು ಹೀಗೆಯೇ. ಪೂರ್ಣ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್, 4ಕೆ ಚಿತ್ರಕ್ಕೆ 15ರಿಂದ 25 ಮೆಗಾಬಿಟ್ ವೇಗ ಸಾಮಾನ್ಯವಾಗಿ ಬೇಕಾಗುತ್ತದೆ.

ಈ ತುಣುಕುಗಳು ದೂರದ ಕೇಂದ್ರದಿಂದ ಪ್ರತಿ ಸಲವೂ ಬರುವುದಿಲ್ಲ. ಜಗತ್ತಿನಾದ್ಯಂತ ಹರಡಿರುವ, ಬಳಕೆದಾರರಿಗೆ ಹತ್ತಿರವಿರುವ ಸರ್ವರ್‌ಗಳಲ್ಲಿ ಅವುಗಳ ನಕಲುಗಳು ಇರುತ್ತವೆ. ಈ ಜಾಲವನ್ನೇ ಸಿಡಿಎನ್ ಎನ್ನುವುದು. ಸಾಮಾನ್ಯವಾಗಿ ಒಂದು ಪ್ರದೇಶದಲ್ಲಿ ಯಾರಾದರೂ ಒಮ್ಮೆ ನೋಡಿದ ಮೇಲೆಯೇ ಹತ್ತಿರದ ಸರ್ವರ್‌ನಲ್ಲಿ ಅದರ ನಕಲು ಉಳಿಯುತ್ತದೆ. ಹೊಸ ಸೇವೆಯಲ್ಲಿ ಆ ಸರ್ವರ್‌ಗಳು ಖಾಲಿಯಾಗಿರುತ್ತವೆ. ಹೆಚ್ಚು ಪ್ರಚಾರ ಪಡೆದ ಹೊಸ ಚಿತ್ರಗಳನ್ನು ಮುಂಚಿತವಾಗಿ ತುಂಬಿಸಿಟ್ಟಿರುತ್ತಾರೆ, ಆದರೆ ಯಾರೂ ಮುಟ್ಟದ ಹಳೆಯ ಚಿತ್ರವನ್ನು ನೀವೇ ಮೊದಲು ತೆರೆದರೆ ಅದು ದೂರದಿಂದ ಬರಬೇಕು. ಹೊಸ ಚಿತ್ರ ಸರಾಗವಾಗಿ ಓಡಿ, ಹಳೆಯದು ತಡವರಿಸಿದರೆ ಕಾರಣ ನಿಮ್ಮ ಮನೆಯ ಜಾಲವಲ್ಲ. ಜನ ನೋಡುತ್ತಾ ಹೋದಂತೆ ವಾರಗಳಲ್ಲಿ ಇದು ತಾನಾಗಿಯೇ ಸುಧಾರಿಸುತ್ತದೆ.

ನೇರಪ್ರಸಾರಕ್ಕೆ ಈ ಸೌಕರ್ಯವಿಲ್ಲ, ಏಕೆಂದರೆ ಇನ್ನೂ ನಡೆಯದ ಆಟದ ತುಣುಕನ್ನು ಯಾರೂ ಮೊದಲೇ ತುಂಬಿಸಿಡಲಾರರು. ಅನುಭವದಲ್ಲಿ ಎಲ್ಲರಿಗಿಂತ ಹಿರಿದಾದ ನೆಟ್‌ಫ್ಲಿಕ್ಸ್ ಕೂಡ 2024ರ ನವೆಂಬರ್ 15ರಂದು ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಬಾಕ್ಸಿಂಗ್ ಪಂದ್ಯವನ್ನು ನೇರವಾಗಿ ತೋರಿಸಿದಾಗ ಅನೇಕ ನೋಡುಗರು ನಿಂತುಹೋದ, ಮಸುಕಾದ ಚಿತ್ರ ನೋಡಬೇಕಾಯಿತು. ಏಕಕಾಲಕ್ಕೆ 6.5 ಕೋಟಿ ಸ್ಟ್ರೀಮ್‌ಗಳಿದ್ದವೆಂದು ಕಂಪನಿ ತಿಳಿಸಿತು. ಹಳೆಯ ಕಂಪನಿಯೇ ಆದರೂ ಹೊಸ ಬಗೆಯ ಕೆಲಸಕ್ಕೆ ಕೈಹಾಕಿದ ದಿನ ಅದೂ ಹೊಸ ಸೇವೆಯೇ.

ಜಾಲ ಚೆನ್ನಾಗಿದ್ದೂ, ಬಫರಿಂಗ್ ಇಲ್ಲದೆಯೂ ಚಿತ್ರ ಎಷ್ಟು ಹೊತ್ತಾದರೂ ಮಸುಕಾಗಿಯೇ ಇದ್ದರೆ ಅದು ಇನ್ನೊಂದು ಕೊಂಡಿಯ ಸಮಸ್ಯೆ. ನಿರ್ಮಾಪಕರು ತಮ್ಮ ಚಿತ್ರ ನಕಲಾಗದಂತೆ ಹಕ್ಕುರಕ್ಷಣೆಯ ವ್ಯವಸ್ಥೆಯನ್ನು, ಅಂದರೆ ಡಿಆರ್‌ಎಂ ಅನ್ನು, ಒಪ್ಪಂದದಲ್ಲೇ ಕಡ್ಡಾಯ ಮಾಡಿರುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವೈಡ್‌ವೈನ್ ವ್ಯವಸ್ಥೆಗೆ ಹಲವು ಹಂತಗಳಿವೆ. ಚಿಪ್‌ನ ಒಳಗೇ ಗೂಢಲಿಪಿ ಬಿಡಿಸುವ ಎಲ್1 ಹಂತದ ಫೋನಿಗೆ ಎಚ್‌ಡಿ ಸಿಗುತ್ತದೆ. ತಂತ್ರಾಂಶದಲ್ಲಷ್ಟೇ ಬಿಡಿಸುವ ಎಲ್3 ಹಂತದ ಫೋನಿಗೆ ಬಹುತೇಕ ಸೇವೆಗಳು ಸಾಧಾರಣ ಗುಣಮಟ್ಟವನ್ನಷ್ಟೇ ಕಳಿಸುತ್ತವೆ. 4ಕೆ ಬೇಕೆಂದರೆ ಟಿವಿ ಮತ್ತು ಅದಕ್ಕೆ ಜೋಡಿಸಿದ ಪೆಟ್ಟಿಗೆಗಳೆರಡೂ ಎಚ್‌ಡಿಸಿಪಿ 2.2 ಎಂಬ ರಕ್ಷಣಾ ಮಾನಕವನ್ನು ಬೆಂಬಲಿಸಬೇಕು. ಡಿಸ್ನಿ ಪ್ಲಸ್ ಬಂದ ಹೊಸದರಲ್ಲಿ ಲಿನಕ್ಸ್ ಕಂಪ್ಯೂಟರ್ ಬಳಸುವವರಿಗೆ ದೋಷಸಂಖ್ಯೆ 83 ಕಾಣಿಸಿಕೊಂಡದ್ದಕ್ಕೂ ಸರ್ವರ್‌ನ ನೂಕುನುಗ್ಗಲಿಗೂ ಸಂಬಂಧವಿರಲಿಲ್ಲ. ಅಂಥ ಕಂಪ್ಯೂಟರ್‌ಗಳು ಕೊಡಲಾರದಷ್ಟು ಉನ್ನತ ರಕ್ಷಣಾ ಹಂತವನ್ನು ಸೇವೆ ಕೇಳುತ್ತಿತ್ತು. ಕಂಪನಿ ಆ ನಿಯಮವನ್ನು ಸಡಿಲಿಸಿದ ಮೇಲೆ ಅದೇ ಕಂಪ್ಯೂಟರ್‌ಗಳಲ್ಲಿ ಚಿತ್ರ ಓಡತೊಡಗಿತು. ಇಲ್ಲಿ ಹೊಸ ರೂಟರ್ ಕೊಂಡರೂ, ವೇಗದ ಸಂಪರ್ಕ ಹಾಕಿಸಿದರೂ ಪ್ರಯೋಜನವಿಲ್ಲ. ಬೇಕಾದದ್ದು ಕಂಪನಿಯ ನಿಯಮದ ಬದಲಾವಣೆ, ಇಲ್ಲವೇ ಬೇರೆ ಸಾಧನ.

ಟಿವಿಯಲ್ಲಿ ಆ್ಯಪ್ ಸಿಗುವುದೇ ಇಲ್ಲ ಎಂಬ ದೂರಿನ ಮೂಲ ತಂತ್ರಜ್ಞಾನದಲ್ಲಿ ಇರಬೇಕೆಂದೇನೂ ಇಲ್ಲ. 2020ರ ಮೇ 27ರಂದು ಎಚ್‌ಬಿಒ ಮ್ಯಾಕ್ಸ್ ಆರಂಭವಾದಾಗ ಅಮೆರಿಕದಲ್ಲಿ ಅತ್ಯಂತ ಜನಪ್ರಿಯವಾಗಿದ್ದ ರೋಕು ಮತ್ತು ಅಮೆಜಾನ್ ಫೈರ್ ಟಿವಿ ಎಂಬ, ಟಿವಿಯಲ್ಲಿ ಸ್ಟ್ರೀಮಿಂಗ್ ನೋಡಲು ಬಳಸುವ ಸಾಧನಗಳೆರಡರಲ್ಲೂ ಅದು ಇರಲಿಲ್ಲ. ಆ್ಯಪ್ ಸಿದ್ಧವಿರಲಿಲ್ಲವೆಂದಲ್ಲ, ವ್ಯವಹಾರದ ಷರತ್ತುಗಳ ಬಗ್ಗೆ ಒಪ್ಪಂದವಾಗಿರಲಿಲ್ಲ. ಅಮೆಜಾನ್‌ನೊಂದಿಗೆ ನವೆಂಬರ್‌ನಲ್ಲಿ, ರೋಕುವಿನೊಂದಿಗೆ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಅಲ್ಲಿಯವರೆಗೆ, ಅಂದರೆ ಆರು ತಿಂಗಳ ಕಾಲ, ಚಂದಾ ಕಟ್ಟಿದವರು ಫೋನು, ಕಂಪ್ಯೂಟರು ಅಥವಾ ಬೇರೊಂದು ಸಾಧನವನ್ನು ಆಶ್ರಯಿಸಬೇಕಾಯಿತು. ಇದೇ ಕಂಪನಿಯ ಎಚ್‌ಬಿಒ ಗೋ, ಎಚ್‌ಬಿಒ ನೌ ಎಂಬ ಹಳೆಯ ಆ್ಯಪ್‌ಗಳೂ ಆಗ ಚಾಲ್ತಿಯಲ್ಲಿದ್ದುದರಿಂದ ತಮಗೆ ಯಾವುದು ಸಲ್ಲುತ್ತದೆ ಎಂಬ ಗೊಂದಲವೂ ಜೊತೆಗಿತ್ತು.

ಪಟ್ಟಿಯಲ್ಲಿ ಚಿತ್ರವಿಲ್ಲ ಎಂಬ ನಿರಾಸೆಗೆ ಕಾರಣ ಹಕ್ಕುಗಳ ಕಾಲಾವಧಿ. ಒಂದು ಸಂಸ್ಥೆ ಚಿತ್ರವನ್ನು ನಿರ್ಮಿಸಿದ ಮಾತ್ರಕ್ಕೆ ಅದನ್ನು ತನ್ನ ಹೊಸ ಸೇವೆಯಲ್ಲಿ ತೋರಿಸುವ ಹಕ್ಕು ಆ ಕ್ಷಣದಲ್ಲಿ ಅದರ ಬಳಿಯೇ ಇರುತ್ತದೆಂದಲ್ಲ. ಸೇವೆ ಹುಟ್ಟುವ ಮುಂಚೆಯೇ ಅದನ್ನು ಬೇರೆಯವರಿಗೆ ಕೆಲವು ವರ್ಷಗಳಿಗೆ ಮಾರಿರಬಹುದು. ಡಿಸ್ನಿ ತನ್ನ 2016ರಿಂದ 2018ರವರೆಗಿನ ಚಿತ್ರಮಂದಿರದ ಚಿತ್ರಗಳನ್ನು ನೆಟ್‌ಫ್ಲಿಕ್ಸ್‌ಗೆ ಕೊಟ್ಟಿತ್ತು, ಹಾಗಾಗಿ ಅವುಗಳಲ್ಲಿ ಹಲವು ಅದರ ಸ್ವಂತ ಸೇವೆಯಲ್ಲಿ ಮೊದಲ ದಿನ ಇರಲಿಲ್ಲ. ಫ್ರಾನ್ಸ್‌ನಲ್ಲಿ ಆಗಿನ ನಿಯಮದಂತೆ ಚಿತ್ರಮಂದಿರದಲ್ಲಿ ಬಿಡುಗಡೆಯಾದ ಸಿನಿಮಾವನ್ನು ಚಂದಾ ಆಧಾರಿತ ಸೇವೆಗಳು ತೋರಿಸಲು ಸಾಮಾನ್ಯವಾಗಿ 36 ತಿಂಗಳು ಕಾಯಬೇಕಿತ್ತು. ಆ್ಯಪಲ್ ಟಿವಿ ಪ್ಲಸ್ 2019ರ ನವೆಂಬರ್ 1ರಂದು ಬಂದಾಗ ಬೇರೆಯದೇ ದಾರಿ ಹಿಡಿಯಿತು: ಹಳೆಯ ಚಿತ್ರಗಳ ಸಂಗ್ರಹವೇ ಇಲ್ಲದೆ, ತನ್ನದೇ ನಿರ್ಮಾಣದ ಕೆಲವೇ ಕಾರ್ಯಕ್ರಮಗಳೊಂದಿಗೆ ಆರಂಭಿಸಿತು. ಪಟ್ಟಿ ಚಿಕ್ಕದೆಂಬ ದೂರು ಬಂದೇ ಬಂತು, ಆದರೆ ಅದು ದೋಷವಲ್ಲ, ಆರಿಸಿಕೊಂಡ ದಾರಿ. ಹಕ್ಕುಗಳಿಂದ ಹುಟ್ಟಿದ ಕೊರತೆಗೆ ಮುಗಿಯುವ ದಿನಾಂಕವೊಂದು ಇರುತ್ತದೆ. ಅದನ್ನು ಚಂದಾದಾರರಿಗೆ ಮೊದಲೇ ತಿಳಿಸುವ ಸೇವೆಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಈಗ ಹೇಳಬೇಕಾದದ್ದು ನನಗೆ ಅತ್ಯಂತ ಮುಖ್ಯವೆನಿಸುವ, ಆದರೆ ಆರಂಭದ ಗದ್ದಲದಲ್ಲಿ ಅಷ್ಟಾಗಿ ಕೇಳಿಬಾರದ ವಿಷಯ: ಹಳೆಯ ಕೃತಿಗಳನ್ನು ಹೊಸ ಸೇವೆ ಯಾವ ಸ್ಥಿತಿಯಲ್ಲಿ ತೋರಿಸುತ್ತದೆ ಎಂಬುದು. ದಿ ಸಿಂಪ್ಸನ್ಸ್ ಎಂಬ ಅಮೆರಿಕದ ಕಾರ್ಟೂನ್ ಸರಣಿಯ ಆರಂಭದ ಸುಮಾರು ಇಪ್ಪತ್ತು ಸೀಸನ್‌ಗಳು ಹಳೆಯ ಟಿವಿಯ 4:3 (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಆಕಾರಕ್ಕೆ ಚಿತ್ರಿತವಾದವು. ಡಿಸ್ನಿ ಪ್ಲಸ್ ಅವನ್ನು ಈಗಿನ ಟಿವಿಯ 16:9 ಪರದೆ ತುಂಬುವಂತೆ ಹಿಗ್ಗಿಸಿ ತೋರಿಸಿತು. ಅಗಲವನ್ನು ಹಾಗೆಯೇ ಉಳಿಸಿಕೊಂಡು ಈ ಬದಲಾವಣೆ ಮಾಡಿದರೆ ಚಿತ್ರದ ಎತ್ತರದ ಕಾಲು ಭಾಗ ಮೇಲೆ ಕೆಳಗೆ ಸೇರಿ ಕತ್ತರಿಸಿಹೋಗುತ್ತದೆ. ಒಂದು ದೃಶ್ಯದಲ್ಲಿ ಬಿಯರ್ ಕಾರ್ಖಾನೆಯ ಮೂರು ದೊಡ್ಡ ತೊಟ್ಟಿಗಳಿವೆ. ಒಂದೊಂದರ ಮೇಲೂ ಒಂದೊಂದು ಬಗೆಯ ಬಿಯರ್‌ನ ಹೆಸರಿದೆ. ಮೂರಕ್ಕೂ ಮೇಲಿನ ಒಂದೇ ಕೊಳವೆಯಿಂದ ಅದೇ ಬಿಯರ್ ಸುರಿಯುತ್ತಿರುತ್ತದೆ ಎಂಬುದೇ ಆ ದೃಶ್ಯದ ತಮಾಷೆ. ಕತ್ತರಿಸಿದ ಆವೃತ್ತಿಯಲ್ಲಿ ಆ ಕೊಳವೆಯೇ ಕಾಣುವುದಿಲ್ಲ, ಉಳಿಯುವುದು ಅರ್ಥವಿಲ್ಲದ ಮೂರು ತೊಟ್ಟಿಗಳು. ಅಭಿಮಾನಿಗಳು ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಮೂಲ ಆಕಾರದಲ್ಲಿ ನೋಡುವ ಆಯ್ಕೆಯನ್ನು ಕಂಪನಿ 2020ರ ಮೇ ತಿಂಗಳ ಕೊನೆಯಲ್ಲಿ ಕೊಟ್ಟಿತು, ಅಂದರೆ ಆರು ತಿಂಗಳು ದಾಟಿದ ಮೇಲೆ. ನೂರಾರು ಕಂತುಗಳ ಕಡತಗಳನ್ನೂ, ಅವುಗಳ ಅಡಿಬರಹಗಳನ್ನೂ (ಸಬ್‌ಟೈಟಲ್), ಆ ಆಯ್ಕೆಯ ಗುಂಡಿಯನ್ನೂ ಪ್ರತಿ ಸಾಧನದ ಆ್ಯಪ್‌ನಲ್ಲಿ ಸರಿಹೊಂದಿಸುವುದು ಸರ್ವರ್ ಹೆಚ್ಚಿಸಿದಷ್ಟು ಸುಲಭವಲ್ಲ.

ಅಡಿಬರಹಗಳ ದೋಷವೂ ಇದೇ ಜಾತಿಯದು. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 24 ಚೌಕಟ್ಟುಗಳ ವೇಗದಲ್ಲಿರುತ್ತವೆ. ಯುರೋಪಿನ ಟಿವಿಗಾಗಿ ಮಾಡಿದ ಪ್ರತಿಗಳಲ್ಲಿ ಅದನ್ನು 25ಕ್ಕೆ ಏರಿಸುವುದು ರೂಢಿ. ಒಂದು ವೇಗದ ಪ್ರತಿಗೆ ಬರೆದ ಅಡಿಬರಹವನ್ನು ಇನ್ನೊಂದರ ಜೊತೆ ಜೋಡಿಸಿದರೆ ಮೊದಲ ನಿಮಿಷದಲ್ಲಿ ಏನೂ ಗೊತ್ತಾಗುವುದಿಲ್ಲ. ಒಂದು ಗಂಟೆ ಕಳೆಯುವ ಹೊತ್ತಿಗೆ ಮಾತಿಗೂ ಬರಹಕ್ಕೂ ಸುಮಾರು ಎರಡೂವರೆ ನಿಮಿಷಗಳ ಅಂತರ ಬೆಳೆದಿರುತ್ತದೆ. ಪರಿಶೀಲಿಸುವವರು ಪ್ರತಿ ಚಿತ್ರದ ಆರಂಭವನ್ನಷ್ಟೇ ನೋಡಿ ಒಪ್ಪಿಗೆ ಕೊಟ್ಟಿದ್ದರೆ ಇದು ಕಣ್ಣಿಗೆ ಬೀಳುವುದಿಲ್ಲ. ಕಿವಿ ಕೇಳದವರಿಗೆ ಅಡಿಬರಹವೇ ಸಂಭಾಷಣೆ ಎಂಬುದನ್ನು ನೆನೆದರೆ ಇದನ್ನು ಸಣ್ಣ ದೋಷವೆಂದು ತಳ್ಳಿಹಾಕಲಾಗದು. ಸಾವಿರಾರು ಶೀರ್ಷಿಕೆಗಳನ್ನು ಆರಂಭದ ದಿನಾಂಕಕ್ಕೆ ಸಿದ್ಧಪಡಿಸುವ ಅವಸರದಲ್ಲಿ ಇಂಥವು ನುಸುಳುತ್ತವೆ, ಮತ್ತು ಯಾರಾದರೂ ನಿರ್ದಿಷ್ಟ ಶೀರ್ಷಿಕೆಯನ್ನು ಹೆಸರಿಸಿ ದೂರು ಕೊಡುವವರೆಗೆ ಹಾಗೆಯೇ ಉಳಿಯುತ್ತವೆ.

2023ರ ಮೇ 23ರಂದು ಎಚ್‌ಬಿಒ ಮ್ಯಾಕ್ಸ್ ತನ್ನ ಹೆಸರನ್ನು ಮ್ಯಾಕ್ಸ್ ಎಂದು ಬದಲಿಸಿ ಹೊಸ ಆ್ಯಪ್ ತಂದಾಗ, ಹಳೆಯ ದತ್ತಾಂಶವನ್ನು ಹೊಸದಕ್ಕೆ ವರ್ಗಾಯಿಸುವಲ್ಲಿ ಇನ್ನೊಂದು ಬಗೆಯ ಲೋಪವಾಯಿತು. ಬರಹಗಾರರು, ನಿರ್ದೇಶಕರು, ನಿರ್ಮಾಪಕರು ಎಲ್ಲರನ್ನೂ ಸೃಷ್ಟಿಕರ್ತರು ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಲಾಗಿತ್ತು. ಅಮೆರಿಕದ ಚಿತ್ರಕಥೆಗಾರರು ಮುಷ್ಕರ ಹೂಡಿದ್ದ ಕಾಲವದು. ಬರಹಗಾರರ ಮತ್ತು ನಿರ್ದೇಶಕರ ಸಂಘಗಳೆರಡೂ ಆಕ್ಷೇಪಿಸಿದವು, ಕಂಪನಿ ಕ್ಷಮೆ ಕೇಳಿ ಸರಿಪಡಿಸುವುದಾಗಿ ಹೇಳಿತು. ನೋಡುಗರ ಮಟ್ಟಿಗೆ ಚಿತ್ರ ಸರಾಗವಾಗಿ ಓಡುತ್ತಿತ್ತು. ಹೀಗಿದ್ದೂ ಇದು ಗಂಭೀರ ದೋಷವೇ.

ಖಾತೆಗಳ ಕಳವಿನ ವಿಷಯದಲ್ಲಿ ಬಳಕೆದಾರರ ಪಾತ್ರವೂ ಇದೆ. ಡಿಸ್ನಿ ಪ್ಲಸ್ ಆರಂಭವಾದ ಕೆಲವೇ ದಿನಗಳಲ್ಲಿ ಸಾವಿರಾರು ಖಾತೆಗಳ ವಿವರಗಳು ಅಂತರ್ಜಾಲದ ಕಳ್ಳಸಂತೆಗಳಲ್ಲಿ ಮಾರಾಟಕ್ಕಿದ್ದವು. ತನ್ನ ವ್ಯವಸ್ಥೆಯನ್ನು ಯಾರೂ ಭೇದಿಸಿದ ಕುರುಹು ಇಲ್ಲವೆಂದು ಕಂಪನಿ ಹೇಳಿತು. ಬೇರೆ ತಾಣಗಳಿಂದ ಹಿಂದೆಂದೋ ಸೋರಿಹೋದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಯಂತ್ರದ ಮೂಲಕ ಹೊಸ ಸೇವೆಯಲ್ಲಿ ಒಂದೊಂದಾಗಿ ಪ್ರಯತ್ನಿಸಿದರೆ, ಅದೇ ಪಾಸ್‌ವರ್ಡ್ ಅನ್ನು ಇಲ್ಲೂ ಇಟ್ಟುಕೊಂಡವರ ಖಾತೆ ತೆರೆದುಕೊಳ್ಳುತ್ತದೆ. ಇದಕ್ಕೆ ಹೊಸ ಸೇವೆಯ ಸರ್ವರ್ ಒಡೆಯುವ ಅಗತ್ಯವೇ ಇಲ್ಲ. ಆದರೂ ಹೊಣೆ ಪೂರ್ತಿಯಾಗಿ ಬಳಕೆದಾರರದೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಹೊಸ ಸಾಧನದಿಂದ ಲಾಗಿನ್ ಆದಾಗ ಫೋನಿಗೆ ಒಂದು ಸಂಖ್ಯೆ ಕಳಿಸಿ ಖಚಿತಪಡಿಸಿಕೊಳ್ಳುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಇಡಬಹುದಿತ್ತು. ಆರಂಭದ ದಿನ ಒಂದು ಹೆಜ್ಜೆ ಕಡಿಮೆಯಿರಲಿ ಎಂಬ ಆಸೆಗೆ ಅಂಥವು ಬಲಿಯಾಗುತ್ತವೆ.

ಇಷ್ಟು ಹೇಳಿದ ಮೇಲೂ, ಕಾದರೂ ಸರಿಹೋಗದ ಒಂದು ವರ್ಗ ಉಳಿದಿದೆ. ಕ್ವಿಬಿ ಎಂಬ ಸೇವೆ 2020ರ ಏಪ್ರಿಲ್ 6ರಂದು ಆರಂಭವಾಯಿತು. 175 ಕೋಟಿ ಡಾಲರ್ ಬಂಡವಾಳವಿತ್ತು, ಹೆಸರಾಂತ ನಟರಿದ್ದರು, ಫೋನನ್ನು ಅಡ್ಡ ಹಿಡಿದರೂ ಉದ್ದ ಹಿಡಿದರೂ ಅದಕ್ಕೆ ತಕ್ಕ ಚಿತ್ರ ತೋರಿಸುವ ತಂತ್ರವೂ ಇತ್ತು. ಆದರೆ ಆರಂಭದಲ್ಲಿ ಅದನ್ನು ಟಿವಿಯಲ್ಲಿ ನೋಡಲು ದಾರಿಯೇ ಇರಲಿಲ್ಲ. ಸೋಂಕಿನ ಕಾರಣದಿಂದ ಜನ ಮನೆಯಲ್ಲೇ, ಟಿವಿಯ ಮುಂದೆಯೇ ಕುಳಿತಿದ್ದ ಕಾಲವದು. ಇಷ್ಟವಾದ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಲೂ ಆಗುತ್ತಿರಲಿಲ್ಲ. ಟಿವಿಗೆ ಕಳಿಸುವ ಸೌಲಭ್ಯವನ್ನು ಕೆಲವು ವಾರಗಳ ನಂತರ ಸೇರಿಸಿದರೂ, ಹತ್ತು ನಿಮಿಷದ ಕಂತುಗಳಿಗೆ ಜನ ಹಣ ಕೊಡುತ್ತಾರೆ ಎಂಬ ಮೂಲ ಎಣಿಕೆಯೇ ಫಲಿಸಲಿಲ್ಲ. 2020ರ ಡಿಸೆಂಬರ್ 1ರಂದು ಸೇವೆ ನಿಂತಿತು. ಇಲ್ಲಿ ತಂತ್ರಜ್ಞಾನ ಕೆಟ್ಟಿರಲಿಲ್ಲ. ಟಿವಿಯಲ್ಲಿ ನೋಡಬೇಕು ಎಂದು ಆರಂಭದ ಬಳಕೆದಾರರು ಹೇಳಿದ ಸರಳ ಮಾತಿನಲ್ಲೇ ಅದರ ಭವಿಷ್ಯದ ಸುಳಿವಿತ್ತು.

ಆರಂಭದ ವಾರದ ಅಂಕಿಗಳನ್ನೂ ವಿಮರ್ಶೆಗಳನ್ನೂ ಸ್ವಲ್ಪ ಎಚ್ಚರದಿಂದ ಓದಬೇಕು. ಡಿಸ್ನಿ ಪ್ಲಸ್‌ನ ಆ ಒಂದು ಕೋಟಿ ನೋಂದಣಿಗಳಲ್ಲಿ ಏಳು ದಿನಗಳ ಉಚಿತ ಅವಧಿಯಲ್ಲಿದ್ದವರೂ, ತಮ್ಮ ಮೊಬೈಲ್ ಕಂಪನಿಯಿಂದ ಒಂದು ವರ್ಷ ಉಚಿತವಾಗಿ ಪಡೆದವರೂ ಸೇರಿದ್ದರು. ಇನ್ನೊಂದೆಡೆ ಆ್ಯಪ್ ಅಂಗಡಿಯಲ್ಲಿ ಮೊದಲ ದಿನವೇ ಒಂದು ನಕ್ಷತ್ರ ಕೊಡುವವರು ಬಹುಮಟ್ಟಿಗೆ ಒಳಗೆ ಹೋಗಲಾರದವರು. ಒಳಗೆ ಹೋದವರು ಚಿತ್ರ ನೋಡುತ್ತಾ ಕುಳಿತಿರುತ್ತಾರೆ, ಬರೆಯುವುದಿಲ್ಲ. ಹೊಸ ಸೇವೆಗೆ ಮೊದಲು ಸೇರುವವರಲ್ಲಿ ಹೊಸ ಫೋನು, ವೇಗದ ಜಾಲ ಇರುವವರೇ ಹೆಚ್ಚಾದ್ದರಿಂದ, ಹಳೆಯ ಟಿವಿಗಳ ತೊಂದರೆಗಳು ಬೆಳಕಿಗೆ ಬರುವುದು ಎರಡನೆಯ, ಮೂರನೆಯ ತಿಂಗಳಲ್ಲಿ.

ಹಾಗಾದರೆ ಹೊಸದಾಗಿ ಸೇರುವವರು ಏನು ಮಾಡಬಹುದು? ವರ್ಷದ ಚಂದಾಕ್ಕೆ ರಿಯಾಯಿತಿ ಇದ್ದರೂ ಮೊದಲು ಒಂದು ತಿಂಗಳಿಗೆ ಸೇರಿ, ಸೇರಿದ ದಿನವೇ ರದ್ದತಿಯ ಗುಂಡಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಬೇಕು. ಲಾಗಿನ್ ಆಗದಿದ್ದರೆ ಮತ್ತೆಮತ್ತೆ ಒತ್ತದೆ ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಬೇಕು. ಚಿತ್ರ ತಡವರಿಸಿದರೆ ಅದೇ ಸೇವೆಯ ಇನ್ನೊಂದು ಚಿತ್ರವನ್ನು, ಆಮೇಲೆ ಅದೇ ಚಿತ್ರವನ್ನು ಇನ್ನೊಂದು ಸಾಧನದಲ್ಲಿ ತೆರೆದು ನೋಡಿದರೆ ದೋಷ ಚಿತ್ರದ್ದೋ, ಸಾಧನದ್ದೋ, ಜಾಲದ್ದೋ ಎಂಬುದು ಬಹುತೇಕ ಗೊತ್ತಾಗುತ್ತದೆ. ಮನೆಯವರೆಲ್ಲ ನೋಡುವ ಟಿವಿಯ ಮಾದರಿಯನ್ನು ಸೇವೆ ಬೆಂಬಲಿಸುತ್ತದೆಯೇ ಎಂದು ಹಣ ಕಟ್ಟುವ ಮುಂಚೆಯೇ ಖಚಿತಪಡಿಸಿಕೊಳ್ಳಬೇಕು.

ದೂರು ಕೊಡುವಾಗ ಆ್ಯಪ್ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಬರೆದರೆ ಅದನ್ನು ಓದುವ ಸಿಬ್ಬಂದಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಪರದೆಯ ಮೇಲೆ ಬಂದ ದೋಷಸಂಖ್ಯೆ, ಸಾಧನದ ಹೆಸರು ಮತ್ತು ಮಾದರಿ, ಆ್ಯಪ್‌ನ ಆವೃತ್ತಿ, ಚಿತ್ರದ ಅಥವಾ ಕಂತಿನ ಹೆಸರು, ದೋಷ ಕಂಡ ನಿಮಿಷ, ಅಡಿಬರಹವಾದರೆ ಅದರ ಭಾಷೆ, ಇಷ್ಟನ್ನು ಬರೆದರೆ ದೂರು ನೇರವಾಗಿ ಸರಿಪಡಿಸಬಲ್ಲವರ ಮೇಜಿಗೆ ಹೋಗುತ್ತದೆ. ಕತ್ತರಿಸಿದ ಚಿತ್ರ, ಜಾರಿದ ಅಡಿಬರಹ, ತಪ್ಪಾದ ಹೆಸರುಗಳಂಥ ದೋಷಗಳನ್ನು ಸರ್ವರ್‌ಗಳ ಮೇಲೆ ಕಣ್ಣಿಟ್ಟಿರುವ ಯಾವ ಯಂತ್ರವೂ ಪತ್ತೆಹಚ್ಚುವುದಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಆ ಚಿತ್ರ ಯಾವ ತೊಂದರೆಯೂ ಇಲ್ಲದೆ ಓಡುತ್ತಿರುತ್ತದೆ. ಕೃತಿಯನ್ನು ಮೊದಲೇ ಬಲ್ಲ ನೋಡುಗರು ಬರೆದು ತಿಳಿಸಿದಾಗಲೇ ಅವು ದುರಸ್ತಿಯ ಪಟ್ಟಿಗೆ ಸೇರುವುದು.